ಗೃಹಪ್ರವೇಶದ ಸಾಕ್ಷಿಗಳು

ಡಾಲಸ್ ದೇವಸ್ಥಾನದ ಕ್ಯಾಂಟೀನಿನ ಸಾಲಿನಲ್ಲಿ ನನ್ನ ಮುಂದಿದ್ದ ಇಬ್ಬರ ಮಾತಿದು.

"ಮೆಕಿನ್ನೀಲಿರೋ ಮನೆ ನನ್ನ ಹೆಸರಲ್ಲಿದೆ ಹರ್ಷಿಣಿ. ಮದುವೇನೇ ಆಗದೆ ನಿಂಗ್ಯಾವ ಪಾಲು?"

"ಗೃಹಪ್ರವೇಶದಲ್ಲಿ ಪಕ್ಕ ಕೂರಿಸ್ಕೊಂಡು, ಹೆಂಡ್ತಿ ಅಂತ ಸಂಕಲ್ಪ ಮಾಡ್ಸಿದ್ಯಲ್ಲ ಪ್ರತಾಪ್?"

"ಅದು ಈ ದೇವಸ್ಥಾನದ ಆಂಟಿಯರ ಬಾಯಿ ಮುಚ್ಚಿಸೋಕೆ!"

"ಟೆಕ್ಸಸ್‌ನಲ್ಲಿ ಇಬ್ಬರೂ ಒಪ್ಪಿ ಒಟ್ಟಿಗಿದ್ದು, ಊರಿಗೆಲ್ಲ ಗಂಡ ಹೆಂಡ್ತಿ ಅಂತ ಹೇಳ್ಕೊಂಡ್ರೆ ಅದೂ ಮದುವೇನೇ ಅಂದ್ರು ಲಾಯರ್."

"ಹಾಗಾದ್ರೆ ಮನೆ ಸಾಲಾನೂ ಅರ್ಧ ನಿಂದೇ."

"ಆಗ್ಲಿ, ಕಟ್ತೀನಿ. ಸಾಕ್ಷಿಗೆ ನಿನ್ನ ಆಂಟಿಯರನ್ನೇ ಕರೀತೀನಿ."

ಅಷ್ಟರಲ್ಲಿ ಸರದಿ ಬಂತು. ಬಡಿಸುತ್ತಿದ್ದ ಇಂದುಮತಿ ಆಂಟಿ ನಕ್ಕರು. "ಗಂಡ ಹೆಂಡ್ತಿಗೆ ಒಂದೇ ತಟ್ಟೇಲಿ ಹಾಕ್ಲಾ?"

ಹರ್ಷಿಣಿ ಮುಂದೆ ಬಂದಳು.

"ಎರಡು ತಟ್ಟೆ ಕೊಡಿ ಆಂಟಿ. ಪುಳಿಯೋಗರೆ ಸಮಸಮ ಹಾಕಿ."

ತನ್ನ ತಟ್ಟೆ ಹಿಡಿದು ಹರ್ಷಿಣಿ, ಅಜ್ಜಿಯ ಕಥೆಯಲ್ಲಿ ಅರ್ಧ ರಾಜ್ಯ ಗೆದ್ದ ರಾಣಿಯ ಹಾಗೆ, ಬೇರೆ ಮೇಜಿಗೆ ನಡೆದಳು.