ಹೊತ್ತು ಮುಳುಗುವ ಮುಂಚಿನ ಮಾತು

ಅಧ್ಯಕ್ಷರಾದ ಮಾಲಿಂಗ ಅವರೇ, ಗೋಕಾಕ, ಮೂಡಲಗಿ, ಹುಕ್ಕೇರಿಗಳಿಂದ ಬಂದ ಅತಿಥಿಗಳೇ, ನಾಳೆ ನಸುಕಿಗೆ ನಮ್ಮನ್ನು ಬಿಟ್ಟು ಹೊರಟಿರುವ ಫಾದರ್ ಸಿಲ್ವೆಸ್ಟರ್ ತಿರ್ಕಿ ಅವರೇ, ಘೋಡಗೇರಿಯ ಸಭಿಕರೇ,

ಹೊತ್ತು ಮುಳುಗಲು ಇನ್ನು ಅರ್ಧ ತಾಸಿದೆ. ಆಮೇಲೆ ನಮ್ಮ ಜೈನರ ಮನೆಯಲ್ಲಿ ಊಟವಿಲ್ಲ. ನನ್ನ ತಾಯಿ ಜಿನ್ನವ್ವ ಫಾದರ್ ಅವರಿಗೆ ಹೋಳಿಗೆ ಮಾಡಿಸಿ ಕಾದಿದ್ದಾಳೆ. ಆದ್ದರಿಂದ ಈ ಭರತೇಶ ಐದೇ ನಿಮಿಷ ಮಾತಾಡುತ್ತಾನೆ. ನಗಬೇಡಿ!

ಇಪ್ಪತ್ತೆರಡು ವರ್ಷಗಳ ಹಿಂದೆ ಇವರು ಜಾರ್ಖಂಡದಿಂದ ಬಂದು, ಕುರಿಗಳ ಹಿಂದೆ ಊರೂರು ತಿರುಗುವವರ ಮಕ್ಕಳಿಗೆ ವಸತಿಶಾಲೆ ತೆರೆದರು. ನಮ್ಮ ಊರು ಏನು ಮಾಡಿತು? ತಹಸೀಲ್ದಾರ ಕಚೇರಿಗೆ ಅರ್ಜಿ ಬರೆಯಿತು! 'ಮತಾಂತರಕ್ಕೆ ಬಂದವನನ್ನು ಓಡಿಸಿ' ಎಂದು. ಹತ್ತು ಪುಸ್ತಕ ಓದಿದವನೊಬ್ಬ ಬರೆದ, ಉಳಿದವರು ಓದದೆ ಸಹಿ ಹಾಕಿದರು. ನಾಚಿಕೆಯಾಗಬೇಡವೇ? ಬರೆದವನು ಯಾರು? ತಾಳಿ, ಮೊದಲು ಊಟದ ಕಥೆ.

ಅದೇ ವಾರ ಅವ್ವ ಇವರನ್ನು ಊಟಕ್ಕೆ ಕರೆದಳು. ತಾಟು ಬಡಿಸಿಯಾಗಿತ್ತು, ಹೊತ್ತು ಬೇವಿನ ಗಿಡದ ಬುಡಕ್ಕಿಳಿದಿತ್ತು. ಫಾದರ್ ಕಣ್ಣು ಮುಚ್ಚಿದರು. ರೊಟ್ಟಿಗೆ ಸ್ತೋತ್ರ, ಪಲ್ಯಕ್ಕೆ ಸ್ತೋತ್ರ, ಮೊಸರಿಗೆ ಸ್ತೋತ್ರ, ಕೊನೆಗೆ ನಮ್ಮ ಎಮ್ಮೆಗೂ ಸ್ತೋತ್ರ! 'ಆಮೆನ್' ಎನ್ನುವಾಗ ಸೂರ್ಯನಿಲ್ಲ. ಹನ್ನೊಂದು ಜನ ಹನ್ನೊಂದು ತಾಟು ಸರಿಸಿದೆವು.

"ನನ್ನ ಜೋಡಿ ಉಣ್ಣಂಗಿಲ್ಲೇನ್ರಿ?" ಇವರ ಮುಖ ಸಣ್ಣದಾಯಿತು.

"ಹೊತ್ತು ಮುಳುಗಿತ್ರಿ. ನಾವು ಉಣ್ಣಂಗಿಲ್ಲ, ನೀವು ಉಣ್ರಿ," ಎಂದಳು ಅವ್ವ.

ಇವರೂ ಉಣ್ಣಲಿಲ್ಲ. ನಮ್ಮೊಂದಿಗೆ ಉಪವಾಸವೇ ಎದ್ದರು. ಅವ್ವ ಬಾಗಿಲವರೆಗೆ ಹೋಗಿ, "ನಾಳಿ ಮತ್ತ ಬರ್ರಿ. ಎಮ್ಮಿ ಸುದ್ದಿ ನಿಮ್ಮ ದೇವರಿಗೆ ಚರ್ಚಿನ್ಯಾಗ ಹೇಳ್ರಿ, ನಮ್ಮ ಮನ್ಯಾಗ ಲಗೂನ ಮುಗಸ್ರಿ!" ಎಂದಳು.

ಮರುದಿನದ ಪ್ರಾರ್ಥನೆ ಇಷ್ಟೇ: "ದೇವರ, ಉಪಕಾರ. ಉಣ್ಣೂಣು."

ಅಂದಿನಿಂದ ಪ್ರತಿ ಗುರುವಾರ ನಮ್ಮಲ್ಲೇ ಊಟ. ಎಷ್ಟು ಮಕ್ಕಳನ್ನು ಕ್ರೈಸ್ತರನ್ನಾಗಿಸಿದರೋ ನಾನು ಕಾಣೆ. ನನ್ನ ಅವ್ವ ಮಾತ್ರ ಇವರಿಗೆ ಬೆಳ್ಳುಳ್ಳಿ ತಿನ್ನುವುದನ್ನೇ ಬಿಡಿಸಿ ಅರ್ಧ ಜೈನರನ್ನಾಗಿಸಿಬಿಟ್ಟಳು!

ಆ ಅರ್ಜಿ ಬರೆದವನು ನಾನು. ಕಚೇರಿಯವರು ಅದನ್ನು ಇವರಿಗೆ ಅಂದೇ ತೋರಿಸಿದ್ದರಂತೆ. ನನಗೆ ತಿಳಿದದ್ದು ಹೋದ ತಿಂಗಳು. ನನ್ನ ಅಕ್ಷರ ಗೊತ್ತಿದ್ದೂ ಇಪ್ಪತ್ತೆರಡು ವರ್ಷ ನನ್ನ ಪಕ್ಕದಲ್ಲೇ ಕೂತು ಉಂಡರು, ಒಮ್ಮೆಯೂ ಅದರ ಮಾತೆತ್ತಲಿಲ್ಲ. ಊರಿನ ಮುಂದೆ ಹೇಳುತ್ತೇನೆ: ಫಾದರ್, ತಪ್ಪಾಯಿತು, ಕ್ಷಮಿಸಿ.

ಅಯ್ಯೋ, ಕಿಟಕಿ ನೋಡಿ! ಹೊತ್ತು ಮುಳುಗಿಯೇಬಿಟ್ಟಿತು. ಇವತ್ತು ಎಮ್ಮೆಗೆ ಸ್ತೋತ್ರ ಹೇಳಿದವನು ನಾನೇ. ಅವ್ವ ಬೈಯಲಿ, ಹೋಳಿಗೆ ಹಾಗೇ ಇರಲಿ. ಫಾದರ್, ಉಣ್ಣದೆ ನಿಮ್ಮನ್ನು ಅವಳು ಕಳಿಸುವುದಿಲ್ಲ. ಸೂರ್ಯ ಮೂಡದೆ ಬಡಿಸುವುದೂ ಇಲ್ಲ. ಹಾಗಾಗಿ ನಸುಕಿನ ಬಸ್ಸು ಹೋಯಿತೆಂದೇ ತಿಳಿಯಿರಿ!

ಐದು ನಿಮಿಷವನ್ನು ಅರ್ಧ ತಾಸು ಸಹಿಸಿದ ನಿಮಗೆಲ್ಲ ಉಪಕಾರ. ನಮಸ್ಕಾರ.