ಕಪ್ಪು ನಾಲ್ಕರ ಸಿದ್ದಮ್ಮ

ನಗಬ್ಯಾಡ ಸಿದ್ದಮ್ಮ. ಅವತ್ತು ನೀನು ನನ್ನ ಬೈದದ್ದು ಕಪ್ಪು ನಾಲ್ಕರಲ್ಲೇ! ಹಾರ್ಮೋನಿಯಂ ಮುಂದಿಟ್ಕೊಂಡು ಕೂತಿದ್ದೋನು ನಾನು. ಡ್ರಾಮಾ ಮೇಷ್ಟ್ರಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು? ನೀನು ಬಾಯಿ ತೆಗೆದೆ, ನನ್ನ ಬೆರಳು ತಾನಾಗೇ ಹೋಗಿ ನಾಲ್ಕನೇ ಕಪ್ಪು ಪಟ್ಟಿ ಮೇಲೆ ಕೂತ್ಕೊಂತು. ಬೈಗುಳಾನೂ ಶ್ರುತಿ ಬುಡದಂಗೆ ಬೈದ ಹೆಂಗಸನ್ನ ನಾನು ಅಲ್ಲೀವರೆಗೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಏನಿತ್ತು ಹೇಳು ಆ ದಿನದಲ್ಲಿ? ಏನೂ ಇರಲಿಲ್ಲ. ಕಬ್ಬಾಳಲ್ಲಿ, ನಿಮ್ಮಪ್ಪನ ಹುಳದ ಮನೆ ಪಡಸಾಲೆ. ಊರ ಗಂಡಸರೆಲ್ಲ ಹೊಲದಿಂದ ಬಂದು, ಕಾಲು ತೊಳ್ಕೊಂಡು, ಭೀಮ ಅರ್ಜುನ ಆಗಿ ನಿಂತಿದ್ರು. ಭೀಮನ ಪಾರ್ಟು ದಾಸಪ್ಪನದು. ಗದೆ ಇನ್ನೂ ಬಂದಿರಲಿಲ್ಲ, ಒನಕೆ ಹಿಡ್ಕೊಂಡಿದ್ದ. ಒಳಗೆ ರೇಷ್ಮೆ ಹುಳ ಪೊರೆ ಬಿಡೋ ನಿದ್ದೇಲಿದ್ವು. ನೀನು ಸೊಪ್ಪಿನ ಕುಕ್ಕೆ ಸೊಂಟಕ್ಕಿಟ್ಕೊಂಡು ಬಂದೆ. "ಮೇಷ್ಟ್ರೇ, ಹುಳ ಮಲಗವೆ. ನಿಮ್ಮ ಭೀಮ ಹಿಂಗೇ ಒದರಿದ್ರೆ, ಗೂಡು ಕಟ್ಟಕ್ಕೆ ಅವನ ಮೀಸೇನೇ ಕೊಡಬೇಕಾಯ್ತದೆ" ಅಂದೆ. ದಾಸಪ್ಪ ಒನಕೆ ಕೆಳಗಿಟ್ಬುಟ್ಟ!

ಹ್ಞಾ... ಈಗ ನಗು. ಈ ನಗು ಪರವಾಗಿಲ್ಲ. ಒಳಗೆ ಬಂದಾಗ ನಕ್ಕೆಯಲ್ಲ, ಅದು ಬೇರೆ ನಗು.

ಸೆರಗು ಬಾಯಿಂದ ತೆಗಿ. ಏನು ಅಂತ ಮಾತಾಡ್ತೀಯ ಸೆರಗು ಕಚ್ಕೊಂಡು? ಈ ಕಡೆ ತಿರುಗಿ ಕೂತ್ಕೊ, ಬಾಗಿಲ ಬೆಳಕು ಮುಖಕ್ಕೆ ಬೀಳಲಿ. ಹ್ಞಾ, ಹಂಗೆ. ಹಿಂದುಗಡೆ ಕಲ್ಲು ಕೊಯ್ಯೋ ಮಿಷಿನ್ನು ಓಡ್ತಾ ಇರ್ತದೆ ನೋಡು. ಹಗಲೆಲ್ಲ ಇದೇ ಗೋಳು. ಈ ರೂಮು ಕೊಟ್ಟವ್ರೆ ಕಲ್ಲಿನ ಯಾರ್ಡಿನೋರು, ಬ್ಯಾಡ ಅನ್ನಕ್ಕಾದಾತಾ?

ನೀನು ಯಾಕೆ ಬಂದಿದ್ದೀಯ ಅಂತ ನನಗೆ ಗೊತ್ತು. ಭಾನುವಾರ ರಾಮನಗರದಲ್ಲಿ ಹೊಸ ಜಿಲ್ಲೆ ಉತ್ಸವ. ದೊಡ್ಡ ಸ್ಟೇಜು, ನಿನ್ನ ಒಬ್ಬಳದೇ ಹಾಡು, ಮೊದಲು ನಾಟಕದ್ದು, ಆಮೇಲೆ ತತ್ವಪದ. ಕಮಿಟಿ ರಾಮಲಿಂಗಯ್ಯ ನಿನ್ನ ಹೆಸರು ಬರೆದಿದ್ದ. ಈಗ ಹಿಂದೆ ಮುಂದೆ ನೋಡ್ತಾವ್ನೆ. ಯಾಕೆ ಅಂದ್ರೆ ಅವನ ಮುಂದೆ ನಾನು ಹೇಳ್ದೆ... ಹೌದು, ಹೇಳ್ದೆ. ಸಿದ್ದಮ್ಮನ ಗಂಟಲು ಇಳಿದದೆ, ಕೀಬೋರ್ಡ್ ಶ್ರೀನಿವಾಸನ ಕೈಲಿ ಅವಳನ್ನ ಹಿಡಿಯಕ್ಕಾಗಲ್ಲ, ಪಕ್ಕದಲ್ಲಿ ನಾನಿದ್ರೆ ಮಾತ್ರ ಆಯ್ತದೆ ಅಂತ. ಅದನ್ನ ನಾನು ವಾಪಸ್ ತಗೋಬೇಕು, ಅಲ್ವಾ? ಫೋನ್ ಮಾಡಿ, ಸಿದ್ದಮ್ಮ ಸರಿಯಾಗವ್ಳೆ ಅನ್ನಬೇಕು.

ಆ ಫೋನ್ ಇತ್ತ ಚಾಚಬ್ಯಾಡ! ನಾನು ಫೋನಲ್ಲಿ ಮಾತಾಡಲ್ಲ. ಎಷ್ಟು ಸಲ ಹೇಳಿಲ್ಲ? ಮಾತಾಡೋದೇನಿದ್ರೂ ಎದುರೆದುರು.

ಹಂಗೆ ನೋಡಬ್ಯಾಡ ನನ್ನ. ನಿನ್ನ ಒಳ್ಳೇದಕ್ಕೇ ಹೇಳಿದ್ದು. ನಿನ್ನ ಗಂಟಲಿನ ಜಾತಕ ನನಗೆ ಗೊತ್ತಿರೋವಷ್ಟು ಆ ಶ್ರೀನಿವಾಸನಿಗೆ ಗೊತ್ತಾ? ನಮ್ಮೂರ ಹೆಣ್ಣು ನಮ್ಮೂರ ರಂಗದ ಮೇಲೆ ನಿಲ್ಲಂಗಿಲ್ಲ ಅಂತ ಕಬ್ಬಾಳಿನೋರು ಕೂಗಾಡಿದ್ರು. ದ್ರೌಪದಿಗೆ ಬೆಂಗಳೂರಿಂದ ಹೆಂಗಸನ್ನ ಕರೆಸ್ತಾರೆ, ಸುಭದ್ರೆಗೆ ಮಂಡ್ಯದಿಂದ ಕರೆಸ್ತಾರೆ, ತಮ್ಮ ಮಗಳು ಹಾಡಿದ್ರೆ ಮಾತ್ರ ಮಾನ ಹೋಗ್ತದೆ! ಆಗ ನಿನ್ನ ಮಾಗಡಿ ಕಡೆ ಕರ್ಕೊಂಡು ಹೋದೋನು ಯಾರು? ಪ್ರತಿಮಾ ಅಂತ ಹೆಸರಿಟ್ಟೋನು ಯಾರು? ಬೋರ್ಡ್ ಮೇಲೆ 'ಕುಮಾರಿ ಪ್ರತಿಮಾ' ಅಂತ ನೋಡಿ, "ಮೇಷ್ಟ್ರೇ, ಈ ಪ್ರತಿಮಾ ಯಾರು, ಚೆನ್ನಾಗಿ ಹಾಡ್ತಾಳಾ?" ಅಂತ ನನ್ನೇ ಕೇಳಿದೋಳು ನೀನು.

ಹಾಡ್ದೆ ಬುಡು. ಏನು ಹಾಡ್ದೆ! ಕೆಂಪಾಪುರದಲ್ಲಿ ದುರ್ಯೋಧನನ ಪಾರ್ಟು ಮಾಡಿದ್ದ ಗೌಡ ಮಾತು ಮರೆತು, ಕಿರೀಟ ಕೆರ್ಕೊಂಡು ನಿಂತ. ನೀನು ಸೆರಗಿನ ಮರೇಲಿ ಅವನ ಮಾತು ಹೇಳಿಕೊಟ್ಟೆ, ಅವನು ನಿನ್ನನ್ನೇ ಬೈದ, ನೀನು ಅದಕ್ಕೆ ಅತ್ತೆ! ಜನಕ್ಕೆ ಒಂದೂ ತಿಳೀಲಿಲ್ಲ. ಅತ್ತೋರೂ ಜನ, ಒನ್ಸ್ ಮೋರ್ ಅಂದೋರೂ ಜನ. ದ್ರೌಪದಿ ಸೀರೆಗೆ ಒನ್ಸ್ ಮೋರ್ ಅಂದ್ರೆ ಏನರ್ಥ ಅಂತ ನೀನು ಪರದೆ ಹಿಂದೆ ಬಂದು ಬೈಕೊಂಡು ಬೈಕೊಂಡು ನಕ್ಕೆ.

ಆಮೇಲೆ ಆ ಕಾಲಾನೂ ಹೋಯ್ತು. ಬಿಡದಿ ಕಡೆ ಫ್ಯಾಕ್ಟರಿ, ಹಾರೋಹಳ್ಳಿ ಕಡೆ ಫ್ಯಾಕ್ಟರಿ. ಅರ್ಜುನ ನೈಟ್ ಶಿಫ್ಟು, ಕೃಷ್ಣ ಡೇ ಶಿಫ್ಟು. ಪ್ರಾಕ್ಟೀಸಿಗೆ ಯಾರನ್ನ ಕೂರಿಸೋದು? ನೀನು ತತ್ವಪದಕ್ಕೆ ಇಳಿದೆ. ಸಾವಿನ ಮನೇಲಿ ಕೂತು ಆತ್ಮದ ಪದ ಹಾಡೋಳು ಅಂದ್ರೆ ಚನ್ನಪಟ್ಟಣದವರೆಗೂ ನಿನ್ನ ಹೆಸರೇ. ಬಣ್ಣ ಹಚ್ಚಿದಾಗ ಪ್ರತಿಮಾ, ಬಣ್ಣ ತೊಳೆದಾಗ ಸಿದ್ದಮ್ಮ. ಎರಡಕ್ಕೂ ಪಕ್ಕದಲ್ಲಿ ಪೆಟ್ಟಿಗೆ ಹಿಡಿದೋನು ನಾನೇ. ನಾಟಕ ಇಲ್ಲದ ದಿನ ಹೊಟ್ಟೆಗೆ ಈ ಕಲ್ಲಿನ ಯಾರ್ಡು. ಮಿಷಿನ್ ಪಕ್ಕದಲ್ಲಿ ನಿಂತು ಚಪ್ಪಡಿಗೆ ನೀರು ಬಿಡೋದು. ವರ್ಷಗಟ್ಟಲೆ ಅದೇ. ಇರಲಿ, ಆ ಮಾತು ಯಾಕೆ ಈಗ.

ಏನು? ಯಾಕೆ ಕಿವಿ ಮುಟ್ಕೊಂಡೆ? ಓಲೆ ಸಡಿಲ ಆಗೈತಾ?

ಸರಿ, ಹಾರೋಹಳ್ಳಿ ನಾಟಕದ ವಿಚಾರಕ್ಕೇ ಬಾ. ಅದನ್ನೇ ತಾನೆ ಮನಸ್ಸಲ್ಲಿಟ್ಕೊಂಡು ಕೂತಿರೋದು? ನಾನು ಕಪ್ಪು ನಾಲ್ಕು ಹಿಡಿದೆ. ಹಿಡಿದೆ ಕಣವ್ವ! ಕಣ್ಣು ಮುಚ್ಕೊಂಡು ಹಿಡೀತೀನಿ ಅದನ್ನ. ನೀನು ದ್ರೌಪದಿ, ಎರಡು ಕೈ ಮೇಲೆತ್ತಿ ಶುರು ಮಾಡಿದೆ. ಎರಡನೇ ಸಾಲಿಗೆ ಜನ ಸಿಳ್ಳೆ ಹೊಡೆಯೋದು ಕಾಣಿಸ್ತು. ಹುಡುಗರು ಬೆಂಚು ಬಡೀತಾವ್ರೆ. ನೀನು ನಿಲ್ಲಿಸಿದೆ. ನನ್ನ ಕಡೆ ತಿರುಗಿ ನೋಡಿದೆ. ನಾನು ನುಡಿಸ್ತಾನೇ ಇದ್ದೆ, ಬುಡಲಿಲ್ಲ, ಇವಳು ಜಾರವ್ಳೆ, ನಾನು ಹಿಡ್ಕೊಂಡಿರಬೇಕು ಅಂತ. ಆಮೇಲೆ ಕೆಂಪರಾಜು ಬಂದು ನನ್ನ ಕೈ ಹಿಡಿದು ಎಬ್ಬಿಸಿದ. ಕೈ ಹಿಡಿದು! ತಬಲಾ ಹೊಡೆಯೋನು, ನನ್ನ ಶಿಷ್ಯ, ನನ್ನ ಕೈ ಹಿಡಿದು ಎಬ್ಬಿಸ್ತಾನೆ!

ತಲೆ ಅಲ್ಲಾಡಿಸಬ್ಯಾಡ. ನಿನ್ನ ಗಂಟಲೇ ಇಳಿದಿರೋದು. ಇವತ್ತಿಂದಲ್ಲ. ಹೇಳಬಾರದು ಅಂದ್ಕೊಂಡಿದ್ದೆ, ಹೇಳಿಸ್ತಾ ಇದ್ದೀಯ. ನಮ್ಮ ಕೃಷ್ಣಮ್ಮ ತೀರ್ಕೊಂಡಾಗಲೇ ನನಗೆ ಗೊತ್ತಾಯ್ತು.

ಹ್ಞೂ. ಅವತ್ತು.

ನನ್ನ ಹೆಂಡತೀನ ಜಗಲಿ ಮೇಲೆ ಮಲಗಿಸಿದ್ರು. ನೀನು ತಲೆ ಹತ್ರ ಕೂತೆ. ಎಂಥೆಂಥೋರ ಸಾವಿಗೋ ಹಾಡಿದೋಳು, ನನ್ನ ಕೃಷ್ಣಮ್ಮನಿಗೆ ಹೆಂಗೆ ಹಾಡ್ತಾಳೋ ಅಂತ ನಾನು ಕಾಯ್ಕೊಂಡು ಕೂತಿದ್ದೆ. ಅಳಬೇಕಾಗಿತ್ತು ನನಗೆ. ನೀನು ಹಾಡಿದ್ರೆ ಅಳು ಬತ್ತದೆ ಅಂತ ತಡ್ಕೊಂಡಿದ್ದೆ. ನೀನು ಕಣ್ಣು ಮುಚ್ಚಿದೆ, ಬಾಯಿ ಆಡ್ತಾ ಇತ್ತು, ಕತ್ತಿನ ನರ ಉಬ್ತಾ ಇತ್ತು. ಆದರೆ ಹಾಡು ಎಲ್ಲಿ ಸಿದ್ದಮ್ಮ? ಒಳಗೊಳಗೇ ಗುನುಗಿಕೊಂಡೆ. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆ ಜೈನಬ್ ಬಿಕ್ಕಿ ಬಿಕ್ಕಿ ಅತ್ತಳು. ದಾಸಪ್ಪನಂಥ ದಾಸಪ್ಪ ಟವಲ್ಲು ಮುಖಕ್ಕೆ ಹಿಡ್ಕೊಂಡ. ನನಗೆ ಒಂದು ಹನಿ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ನನ್ನ ಮನೆ ಸಾವಿಗೆ ನೀನು ಬಾಯಿ ಬಿಟ್ಟು ಹಾಡಲಿಲ್ಲವಲ್ಲ ಅಂತ...

ಯಾಕೆ ಅಳ್ತೀಯ? ಬೈದಿದ್ದಕ್ಕಾ? ನಾನು ಬೈತಾ ಇಲ್ಲ ಕಣವ್ವ. ಏನೋ ಅಂತಿದ್ದೀಯ, ಒಸಿ ನಿಧಾನಕ್ಕೆ ಅನ್ನು. ಈ ಮಿಷಿನ್ ಸದ್ದಲ್ಲಿ...

ಏನು? ಮೇಲೇನು ತೋರಿಸ್ತೀಯ? ಫ್ಯಾನಾ?

ಫ್ಯಾನ್ ನಿಂತೈತೆ. ಕರೆಂಟ್ ಇಲ್ಲ. ಅಷ್ಟೇ ತಾನೆ? ಯಾವಾಗ ಹೋಯ್ತೋ ಏನೋ. ಹಂಗಾದ್ರೆ ಮಿಷಿನ್ನೂ... ಜನರೇಟರ್ ಇರ್ತದೆ ಅವರ ಹತ್ರ. ಇರ್ತದೆ. ನನಗೆ ತಲೇಲಿ ಯಾವಾಗಲೂ ಆ ಸದ್ದೇ, ಅದಕ್ಕೇ ಹಂಗನ್ನಿಸ್ತು. ಎಲ್ಲಾದಕ್ಕೂ ಹಂಗೆ ದಿಟ್ಟಿಸಬ್ಯಾಡ ನನ್ನ!

ಮಾತು ಬ್ಯಾಡ. ಇಲ್ಲೇ ಇತ್ಯರ್ಥ ಆಗಿಬುಡಲಿ. ಇಗೋ, ಪೆಟ್ಟಿಗೆ. ಬಟ್ಟೆ ತೆಗೆದೆ. ನಾನು ನುಡಿಸ್ತೀನಿ, ನೀನು ಹಾಡು. ದ್ರೌಪದಿದು ಬ್ಯಾಡ, ಕೃಷ್ಣಮ್ಮನ ತಲೆ ಹತ್ರ ಹಾಡಿದ್ಯಲ್ಲ, ಅದೇ ಪದ. ನನ್ನ ಕೈಲಿ ಒಂದು ಸ್ವರ, ಒಂದೇ ಒಂದು ಸ್ವರ ತಪ್ಪಿದ್ರೆ, ನಾನೇ ಬಸ್ ಹತ್ತಿ ರಾಮನಗರಕ್ಕೆ ಹೋಗಿ, ರಾಮಲಿಂಗಯ್ಯನ ಎದುರು ನಿಂತು ಹೇಳ್ತೀನಿ. ಸಿದ್ದಮ್ಮನ ಗಂಟಲು ಗಂಟೆ ಇದ್ದಂಗೈತೆ, ಶ್ರೀನಿವಾಸನೇ ನುಡಿಸಲಿ, ಈ ಪುಟ್ಟಲಿಂಗಯ್ಯ ಮುದುಕನ್ನ ಕೈ ಬುಡಿ ಅಂತ. ತಪ್ಪದೆ ಇದ್ರೆ ಭಾನುವಾರ ನಿನ್ನ ಪಕ್ಕ ನಾನು. ಆಯ್ತಾ? ತಲೆ ಆಡಿಸು. ಆಯ್ತು.

ತಗೋ, ಕಪ್ಪು ನಾಲ್ಕು. ತಿದಿ ಯಾಕೋ ಬಿಗಿ ಐತೆ ಇವತ್ತು, ಬಹಳ ದಿನ ಮುಟ್ಟಿರಲಿಲ್ಲ. ಹ್ಞಾ... ನಿಂತದೆ ಶ್ರುತಿ. ಶುರು ಮಾಡು.

ಶುರು ಮಾಡವ್ವ.

ಬಾಯಿ ತೆಗೀತಾನೇ ಇಲ್ಲವಲ್ಲ! ಸರಿ, ಪಲ್ಲವಿ ನಾನೇ ನುಡಿಸಿಬುಡ್ತೀನಿ, ಎರಡನೇ ಸಲಕ್ಕೆ ಸೇರ್ಕೊ. ನೋಡು, ಹಿಂಗೆ ಹತ್ತಿ... ಇಲ್ಲಿ ಒಸಿ ನಿಂತು... ಹಿಂಗೆ ಇಳೀತದೆ. ಎಷ್ಟು ಚೆನ್ನಾಗಿ ಬತ್ತಾ ಐತೆ! ಬೆರಳು ಏನೂ ಮರೆತಿಲ್ಲ. ಈಗ ಬಾ... ಈಗ... ಅಯ್ಯೋ, ದಾಟಿಸಿಬುಟ್ಟೆ. ಇನ್ನೊಂದ್ಸಲ.

ಯಾಕೆ ಸುಮ್ಮನೆ ಕೂತೆ ಸಿದ್ದಮ್ಮ? ನನ್ನ ಬೆರಳು ಯಾಕೆ ನೋಡ್ತೀಯ? ತಪ್ಪಿಲ್ಲ ತಾನೆ? ಒಂದೂ ತಪ್ಪಿಲ್ಲ. ತಪ್ಪಿದ್ರೆ ಹೇಳ್ತಿದ್ದೆಯಲ್ಲ ನೀನು. ಹೇಳು, ಎಲ್ಲಿ ತಪ್ಪಿದೆ? ಬಾಯಿ ಬಿಟ್ಟು ಹೇಳು!

ಬುಡು. ನನ್ನ ಕೈ ಯಾಕೆ ಹಿಡೀತೀಯ? ಎಲ್ಲಿಗೆ ಎಳೀತೀಯ? ಪೆಟ್ಟಿಗೆ ಮುಂಭಾಗದ ಗುಂಡಿಗಾ? ಅದನ್ನ ಯಾಕೆ ಮುಟ್ಟಿಸ್ತೀಯ ನನ್ನ ಕೈಲಿ... ಗೊತ್ತು, ಗುಂಡಿ ಈಚೆಗೆ ಎಳೆದ್ರೆ ಗಾಳಿ ರೀಡಿಗೆ ಹೋಗ್ತದೆ. ಎಳೀದಿದ್ರೆ ಎಷ್ಟು ತಿದಿ ಒತ್ತಿದ್ರೂ, ಯಾವ ಪಟ್ಟಿ ಒತ್ತಿದ್ರೂ ಪೆಟ್ಟಿಗೆ ಉಸಿರೆತ್ತಲ್ಲ. ಪಾಠಕ್ಕೆ ಬಂದ ಮೊದಲನೇ ದಿನ ಹೇಳಿಕೊಡೋದೇ ಅದನ್ನ. ಅದನ್ನ ನನಗೆ ನೀನು...

ಸಿದ್ದಮ್ಮ.

ಮೂರೂ ಗುಂಡಿ ಒಳಗೇ ಅವೆ.