ಲಯನೆಲ್‌ನ ಎಡಗೈ ಬ್ರೇಕು

ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿನಲ್ಲಿ ದ್ವೀಪದ ದೋಣಿಗೆ ಕಾದು ನಿಂತ ಸಾಲು. ನನ್ನ ಮುಂದೆ ಸೈಕಲ್ ಹಿಡಿದ ಇಬ್ಬರು ಮುದುಕಿಯರು. ಒಬ್ಬಳ ಗದ್ದಕ್ಕೆ ಪಟ್ಟಿ.

"ಗದ್ದಕ್ಕೇನಾಯ್ತೇ, ಗ್ಲೆನಿಸ್?"

"ಬಲಕ್ಕೆ ತಿರುಗೋಕೆ ಬಲಗೈ ಚಾಚಿ, ಎಡಗೈ ಬ್ರೇಕ್ ಹಿಡಿದೆ. ಮುಂದಿನ ಚಕ್ರ ಗಕ್ಕನೆ ನಿಂತು ಹ್ಯಾಂಡಲ್ ಮೇಲಿಂದ ಹಾರಿಬಿದ್ದೆ."

"ಎಡಗೈದು ಹಿಂದಿನ ಚಕ್ರಕ್ಕಲ್ವೇನೇ?"

"ಊರಿಗೆಲ್ಲ ಹಾಗೇ. ಈ ಸೈಕಲ್ ಲಯನೆಲ್‌ದು. ಲಕ್ವ ಹೊಡೆದು ಬಲಗೈ ಸೋತ ಮೇಲೆ ಮುಂದಿನ ಬ್ರೇಕು ಎಡಗೈಗೆ ಬರೋ ಹಾಗೆ ಅದಲುಬದಲು ಮಾಡಿಸ್ಕೊಂಡಿದ್ದ. ನಂಗೆ ಮರೆತೇಹೋಗಿತ್ತು."

"ಪಾಪ, ನಿನ್ನ ಗಂಡ ಈಗ ಮಂಚ ಬಿಟ್ಟು ಏಳಲ್ಲ. ಮೊದಲಿನ ಥರ ಮಾಡಿಸ್ಬಾರ್ದಾ?"

"ಆಸ್ಪತ್ರೆಗೆ ನೋಡೋಕೆ ಹೋದಾಗೆಲ್ಲ ಕೇಳ್ತಾನೆ ಕಣೇ, ನನ್ನ ಬ್ರೇಕ್ ಹಾಗೇ ಇದೆ ತಾನೇ ಅಂತ. ಸುಳ್ಳು ಹೇಳೋಕೆ ಬಾಯಿ ಬರಲ್ಲ."

ಗೇಟು ತೆರೆಯಿತು. ಗೆಳತಿ ತನ್ನ ಸೈಕಲನ್ನು ಅವಳ ಕೈಗಿತ್ತು, ಲಯನೆಲ್‌ನದನ್ನು ತಳ್ಳಿಕೊಂಡು ಹೊರಟಳು.

"ಇನ್ಮೇಲೆ ಇದನ್ನ ನಾನು ಓಡಿಸ್ತೀನಿ. ಅವನು ಕೇಳಿದ್ರೆ, ಹಾಗೇ ಇದೆ ಅನ್ನು."